ಅಕ್ಕಯ್ಯಮ್ಮನ ನೋವಿನ ಲೆಕ್ಕ

ಅಕ್ಕಯ್ಯಮ್ಮನ ನೋವಿಗೆ ಒಂದು ಹೆಸರು ಸಿಗಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಚಿಕೂನ್‌ಗುನ್ಯದ ಉಳಿಕೆ ಎಂದವರಿದ್ದರು, ವಾಯು ಎಂದವರಿದ್ದರು, ವಯಸ್ಸು ಎಂದವರಂತೂ ಬೇಕಾದಷ್ಟು. ಶಿಡ್ಲಘಟ್ಟದಲ್ಲಿ ರಕ್ತ ಕೊಟ್ಟದ್ದಾಯಿತು, ಚಿಂತಾಮಣಿಯಲ್ಲಿ ಎಕ್ಸ್‌ರೇ ತೆಗೆಸಿದ್ದಾಯಿತು. ಯಾವುದರಲ್ಲೂ ಏನೂ ಕಾಣಲಿಲ್ಲ.

"ರಿಪೋರ್ಟೆಲ್ಲ ನಾರ್ಮಲ್ ಅಂತೆ ಕಣಮ್ಮ, ನಾನೊಬ್ಳೇ ಕೆಟ್ಟಿರೋದು" ಎಂದಿದ್ದಳು ಆಕೆ ಸೊಸೆಗೆ.

ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರ್ ರೂಪ ಹೆಗಲು, ಸೊಂಟ, ಮೊಣಕೈ ಒತ್ತಿ ನೋಡಿ, ನಿದ್ದೆಯ ಬಗ್ಗೆ ಹತ್ತಾರು ಪ್ರಶ್ನೆ ಕೇಳಿ, ಚೀಟಿಯ ಮೇಲೆ ಫೈಬ್ರೊಮಯಾಲ್ಜಿಯಾ ಎಂದು ಬರೆದರು. ಇದು ಸಾಯಿಸುವ ಕಾಯಿಲೆಯಲ್ಲ, ಬೇರು ಸಮೇತ ಕೀಳುವ ಔಷಧವೂ ಇಲ್ಲ, ಯಾವುದು ಯಾರಿಗೆ ಒಗ್ಗುತ್ತದೆಂದು ಪ್ರಯತ್ನ ಮಾಡಿಯೇ ನೋಡಬೇಕು ಎಂದರು.

ಸೊಸೆ ಯಾಮಿನಿ ಆ ಮಾತನ್ನು ತನಗೇ ಹೇಳಿದ್ದೆಂದು ತಿಳಿದಳು. ಅವಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ. ಹಗಲು ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಹಾಗಾಗಿ ಯಾವುದನ್ನು ಓದಿದರೂ ತನಗೆ ಅರ್ಧ ಮಾತ್ರ ಅರ್ಥವಾಗಿದೆ ಎಂಬ ಅನುಮಾನ ಅವಳಿಗೆ ಇದ್ದೇ ಇರುತ್ತಿತ್ತು. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಮಾಂಸಖಂಡದ ನೋವಿನ ಮೇಲಿನ ಲೇಖನಗಳನ್ನು ಎರಡೆರಡು ಸಲ ಓದಿದಳು. ಒಂದು ಲೇಖನ ಒಳ್ಳೆಯದು ಎಂದದ್ದನ್ನು ಇನ್ನೊಂದು ಅಷ್ಟೇನೂ ಇಲ್ಲ ಎನ್ನುತ್ತಿತ್ತು. ಕೊನೆಗೆ ಅವಳಿಗೆ ಗಟ್ಟಿಯಾಗಿ ತಿಳಿದದ್ದು ಇಷ್ಟು: ಒಂದು ಸಲಕ್ಕೆ ಒಂದೇ ಚಿಕಿತ್ಸೆ ಮಾಡಬೇಕು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ದಿನವೂ ಕೇಳಿ ಬರೆದಿಡಬೇಕು.

ಅವರ ಊರು ಶಿಡ್ಲಘಟ್ಟದಿಂದ ಆರು ಕಿಲೋಮೀಟರ್, ಮನೆಗೆ ಅಂಟಿಕೊಂಡೇ ರೇಷ್ಮೆಹುಳು ಸಾಕುವ ಹುಳುಮನೆ. ದಿನಾ ಸಂಜೆ ಬಸ್ಸಿಳಿದು ಬಂದವಳೇ ಚಪ್ಪಲಿ ಬಿಟ್ಟು ಕೇಳುತ್ತಿದ್ದಳು: "ಅತ್ತೆ, ಇವತ್ತು ಎಷ್ಟು?"

"ಏನೋ, ಏಳು ಅಂತ ಬರ್ಕೊಳಮ್ಮ."

ಬದನೆಕಾಯಿ, ಆಲೂಗಡ್ಡೆ ಬಿಟ್ಟ ಆರು ವಾರವೂ ಏಳು. ಚಿಂತಾಮಣಿ ಕಡೆಯ ನಾಟಿ ವೈದ್ಯರ ಎಣ್ಣೆ ಉಜ್ಜಿದ ಆರು ವಾರವೂ ಏಳು. ವಿಟಮಿನ್ ಪುಡಿ ಹಾಲಿಗೆ ಹಾಕಿ ಕುಡಿದಾಗಲೂ ಅಷ್ಟೆ. ಯಾಮಿನಿ ಒಂದೊಂದನ್ನೇ ನೋವಿನ ಲೆಕ್ಕದ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಈಗ ನಡೆಯುತ್ತಿದ್ದದ್ದು ಡಾಕ್ಟರ್ ರೂಪ ಹೇಳಿದ ಕ್ರಮ. ಮಲಗುವ ಮುಂಚೆ ಒಂದು ಸಣ್ಣ ಮಾತ್ರೆ, ಬೆಳಿಗ್ಗೆ ನಿಧಾನವಾಗಿ ನಡಿಗೆ. ಮೊದಲು ಐದು ನಿಮಿಷ, ಆಮೇಲೆ ಹತ್ತು, ಈಗ ಇಪ್ಪತ್ತೈದು. ಏಳನೆಯ ವಾರ ನಡೆಯುತ್ತಿತ್ತು. ಪುಸ್ತಕದಲ್ಲಿ ಏಳೇ ಇತ್ತು.

"ಎರಡು ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ಇದನ್ನ ನಿಲ್ಲಿಸಿ ಬೇರೆ ಮಾತ್ರೆ ಕೊಡ್ತೀನಿ. ಅದಕ್ಕೆ ಸ್ವಲ್ಪ ತಲೆಸುತ್ತು ಬರಬಹುದು" ಎಂದಿದ್ದರು ಡಾಕ್ಟರ್.

ಇದನ್ನು ಕೇಳಿದ ಯಾಮಿನಿಯ ಗಂಡ ಮೋಹನ್‌ಬಾಬು ತಾಯಿಗೆ ನೇರವಾಗಿಯೇ ಹೇಳಿದ. "ತಲೆ ಸುತ್ತೋರು ಹುಳಮನೆಗೆ ಬರೋದ್ಬೇಡಮ್ಮ. ಅಟ್ಟಣೆ ಮೇಲಿಂದ ಬಿದ್ರೆ ಯಾರು ನೋಡ್ತಾರೆ? ಈ ಬೆಳೆ ಆದ್ಮೇಲೆ ರೇಷ್ಮೆ ನಿಲ್ಸಿಬಿಡಣ, ತೋಟಕ್ಕೆ ಟೊಮೇಟೊ ಇಡಣ."

ಅಕ್ಕಯ್ಯಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತ ಕೂತಳು. ಹದಿನಾರಕ್ಕೆ ಆ ಮನೆಗೆ ಬಂದು ಹುಳು ಸಾಕಲು ಕಲಿತವಳು ಆಕೆ. ಹುಳುಮನೆ ಇಲ್ಲದ ಬೆಳಗು ಎದ್ದು ಏನು ಮಾಡುವುದೆಂದು ಆಕೆಗೆ ಗೊತ್ತಿರಲಿಲ್ಲ. ಯಾಮಿನಿಗೆ ಅದು ಗೊತ್ತಿತ್ತು. ತನ್ನ ಪುಸ್ತಕದ ಅಂಕಿಗಳೇ ಅತ್ತೆಯನ್ನು ಹುಳುಮನೆಯಿಂದ ಹೊರಗೆ ಹಾಕುತ್ತಿವೆ ಎಂದು ಅವಳಿಗೆ ಕಂಡಿತು. ಆದರೆ ಅಂಕಿಯನ್ನು ತಿದ್ದುವವಳಲ್ಲ ಅವಳು.

ಡಾಕ್ಟರ ಬಳಿ ಹೋಗಲು ಇನ್ನು ಹನ್ನೆರಡು ದಿನವಿದ್ದ ಒಂದು ಭಾನುವಾರ, ಪಕ್ಕದ ಮನೆಯ ಮುನಿಶಾಮಮ್ಮ ಹುಳುಮನೆಯ ಹೊರಗೇ ನಿಂತು ಕೂಗಿದಳು. ಬೇರೆಯವರು ಒಳಗೆ ಕಾಲಿಡುವ ರೂಢಿಯಿಲ್ಲ.

"ಏಮಕ್ಕಾ, ಎಂಗವೆ ಹುಳ?"

"ಏನೋ ಅವೆ ಕಣಕ್ಕ" ಎಂದಳು ಒಳಗಿನಿಂದ ಅಕ್ಕಯ್ಯಮ್ಮ.

"ನಂದೂ ಏನೋ ಅವೆ" ಎಂದು ಮುನಿಶಾಮಮ್ಮ ತೃಪ್ತಿಯಿಂದ ಹೊರಟುಹೋದಳು.

ಒಳಗೆ ಸೊಪ್ಪು ಹಾಕಲು ಕೈಜೋಡಿಸುತ್ತಿದ್ದ ಯಾಮಿನಿಗೆ ವಿಚಿತ್ರವೆನಿಸಿತು. ಅವಳು ಗೌರಿಬಿದನೂರು ಪೇಟೆಯ ಟೈಲರ್ ಒಬ್ಬರ ಮಗಳು, ರೇಷ್ಮೆ ಅವಳಿಗೆ ಮದುವೆಯಾದ ಮೇಲೆ ಕಂಡ ಲೋಕ. ಆದರೂ ಈ ಸಲದ ಬೆಳೆ ಎಂಥದೆಂದು ಅವಳ ಕಣ್ಣಿಗೂ ಕಾಣುತ್ತಿತ್ತು. ನಾಲ್ಕನೇ ಜ್ವರ ಬಿಟ್ಟು, ಕೊನೆಯ ಪೊರೆ ಕಳಚಿ ಎದ್ದ ಹುಳುಗಳು ಬೆರಳಿನಷ್ಟು ದಪ್ಪವಾಗಿ, ಹಾಕಿದ ಸೊಪ್ಪನ್ನು ಹಾಕಿದ ಹಾಗೇ ಖಾಲಿ ಮಾಡುತ್ತಿದ್ದವು.

"ಇಷ್ಟು ಚೆನ್ನಾಗಿವೆಯಲ್ಲ ಅತ್ತೆ, ಯಾಕೆ ಹಾಗಂದ್ರಿ?"

ಅಕ್ಕಯ್ಯಮ್ಮ ಸೊಪ್ಪು ಹಿಡಿದ ಕೈಯಲ್ಲೇ ಅವಳ ಬಾಯಿ ಮುಚ್ಚಲು ಬಂದಳು. "ಶ್! ಬಾಯ್ ಮುಚ್ಚೇ! ಹುಳದ ಮುಂದೆ ಅಂತಾ ಮಾತಾಡ್ತಾರಾ? ಓದ್ದೋಳು ಇದೇನಾ ಓದಿರೋದು?"

ಸಂಜೆ ಮೋಹನ್‌ಬಾಬು ನಗುತ್ತ ವಿವರಿಸಿದ. "ಹುಳ ಸಾಕೋರ ಮನೇಲಿ ಚೆನ್ನಾಗೈತೆ ಅನ್ನಂಗಿಲ್ಲ ಕಣೇ. ಗೂಡು ಮಾರ್ಕೆಟ್ ಮುಟ್ಟೋ ಗಂಟ ಅನ್ನಂಗಿಲ್ಲ. ಅಂದ್ರೆ ಮಾರನೇ ದಿನಾನೇ ರೋಗ ಬೀಳುತ್ತೆ ಅಂತ."

"ಕೆಟ್ಟೋಗಿದೆ ಅಂತಾನೂ ಅನ್ನಲ್ವಾ?"

"ಅದೂ ಅನ್ನಲ್ಲ. ಅಂದ್ರೆ ಹಂಗೇ ಆಗ್ಬಿಡುತ್ತಲ್ಲ! ಏನೋ ಐತೆ ಅಂದ್ಬಿಟ್ರೆ ಎರಡು ಕಡೇಗೂ ಕ್ಷೇಮ."

ಯಾಮಿನಿ ಅಂದು ಪುಸ್ತಕ ತೆರೆದು ಮೊದಲ ಪುಟದಿಂದ ನೋಡಿದಳು. ಎಲ್ಲೂ ಹತ್ತು ಇರಲಿಲ್ಲ, ಎಲ್ಲೂ ಎರಡು ಇರಲಿಲ್ಲ, ಪುಟಪುಟಕ್ಕೂ ಬರೀ ಏಳು. ಆರು ತಿಂಗಳು ಅವಳು ಕೇಳಿ ಬರೆದದ್ದು ನೋವನ್ನಲ್ಲ, ಹುಳು ಸಾಕುವವರ ಎಚ್ಚರಿಕೆಯನ್ನು. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಹೊಡೆದು ಹಾಕಿದ ಚಿಕಿತ್ಸೆಗಳಲ್ಲಿ ಯಾವುದು ನಾಟಿತ್ತೋ ಯಾವುದು ಇಲ್ಲವೋ ದೇವರಿಗೇ ಗೊತ್ತು.

ಮರುದಿನದಿಂದ ಅವಳು ಕೇಳುವುದನ್ನು ಬಿಟ್ಟು ನೋಡತೊಡಗಿದಳು. ಹುಳುವನ್ನಾದರೂ ಯಾರೂ ಕೇಳುವುದಿಲ್ಲ, ಮಿಕ್ಕ ಸೊಪ್ಪು ನೋಡಿ ತಿಳಿಯುತ್ತಾರೆ. ಅಕ್ಕಯ್ಯಮ್ಮ ಮೇಲಿನ ಅಟ್ಟಣೆಗೆ ತಾನೇ ಸೊಪ್ಪು ಎತ್ತಿ ಹಾಕುತ್ತಿದ್ದಳು. ಕುಕ್ಕರಗಾಲಲ್ಲಿ ಕೂತವಳು ಗೋಡೆ ಹಿಡಿಯದೆ ಏಳುತ್ತಿದ್ದಳು. ಮೂರನೇ ದಿನ ಇನ್ನೊಂದು ಕಂಡಿತು. ಎರಡು ವರ್ಷದಿಂದ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅತ್ತೆಯ ತಲೆ ಬಾಚಿ ತುರುಬು ಕಟ್ಟುತ್ತಿದ್ದದ್ದು ಯಾಮಿನಿಯೇ, ಆಕೆಗೆ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಈಗ ಬೆಳಿಗ್ಗೆ ನೋಡುವ ಹೊತ್ತಿಗೆ ಅತ್ತೆ ತಾನೇ ತುರುಬು ಕಟ್ಟಿಕೊಂಡಿರುತ್ತಿದ್ದಳು. ಎಂದಿನಿಂದ? ಎಷ್ಟು ಯೋಚಿಸಿದರೂ ಯಾಮಿನಿಗೆ ನೆನಪಾಗಲಿಲ್ಲ. ದಿನದಿನವೂ ಬರೆದಿಟ್ಟವಳಿಗೆ ಇದೊಂದು ಕಾಣದೆ ಹೋಗಿತ್ತು.

ಹುಳು ತಿನ್ನುವುದು ನಿಲ್ಲಿಸಿ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಗೆ ಏರಿ ಗೂಡು ಕಟ್ಟಿದ ಮೇಲೆ ಡಾಕ್ಟರ ದಿನ ಬಂತು. ಹೊರಗೆ ಜನ ಕಿಕ್ಕಿರಿದಿದ್ದರು. ಒಳಗೆ ಡಾಕ್ಟರ್ ರೂಪ ಚೀಟಿ ತಿರುಗಿಸುತ್ತ ಕೇಳಿದರು.

"ಹೇಗಿದೀರಮ್ಮ? ನೋವು ಎಷ್ಟಿದೆ?"

"ಏನೋ ತಾಯಿ. ಏಳು ಐತೆ."

"ಏನೂ ಇಳಿದಿಲ್ವಾ? ಸರಿ, ಹಾಗಾದ್ರೆ ಇದನ್ನ ಬದಲಾಯಿಸೋಣ" ಎಂದು ಡಾಕ್ಟರ್ ಪೆನ್ನು ತೆಗೆದರು.

ಯಾಮಿನಿ ತಾನು ಬರೆದಿದ್ದ ಹನ್ನೆರಡು ದಿನದ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಡಾಕ್ಟರ್ ಅದರ ಕಡೆ ನೋಡಿ, "ಆಮೇಲೆ ಓದ್ತೀನಿ, ಈಗ ತುಂಬಾ ಜನ ಇದಾರೆ" ಎಂದರು. ಪೆನ್ನು ಕಾಗದಕ್ಕೆ ತಾಗಿತು.

ತಪ್ಪು ತನ್ನದಾಗಿದ್ದರೆ? ಅತ್ತೆ ನಿಜವಾಗಿಯೂ ನೋವು ನುಂಗಿಕೊಂಡೇ ಸೊಪ್ಪು ಎತ್ತಿದ್ದರೆ? ಆದರೂ ಯಾಮಿನಿ ಹಾಳೆಯ ಮೇಲಿಂದ ಕೈ ತೆಗೆಯಲಿಲ್ಲ. "ಇಲ್ಲ ಡಾಕ್ಟರ್" ಎಂದಳು. "ಅತ್ತೆಗೆ ಚೆನ್ನಾಗಾಗಿದೆ. ತುರುಬು ಅವರೇ ಕಟ್ಕೋತಾರೆ. ಮೇಲಿನ ಅಟ್ಟಣೆಗೆ ಸೊಪ್ಪು ಅವರೇ ಹಾಕ್ತಾರೆ. ಮಾತ್ರೆಯಿಂದಾನೋ ನಡಿಗೆಯಿಂದಾನೋ ನಂಗೆ ಹೇಳಕ್ಕೆ ಗೊತ್ತಾಗಲ್ಲ, ಎರಡೂ ಒಂದೇ ದಿನ ಶುರು ಮಾಡಿದ್ವಿ. ಆದ್ರೆ ಚೆನ್ನಾಗಾಗಿದೆ."

ಅಕ್ಕಯ್ಯಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಡಾಕ್ಟರ್ ಇಬ್ಬರ ಮುಖವನ್ನೂ ನೋಡಿ, "ಕೈ ಹಿಂದಕ್ಕೆ ತನ್ನಿ ಅಮ್ಮ" ಎಂದರು. ಕೈ ಹಿಂದಕ್ಕೆ ಹೋಯಿತು. ಚೀಟಿಯಲ್ಲಿ ಹಳೆಯ ಮಾತ್ರೆಯೇ ಉಳಿಯಿತು.

ಶಿಡ್ಲಘಟ್ಟದ ಬಸ್ಸಿನಲ್ಲಿ ಅಕ್ಕಯ್ಯಮ್ಮ ಕಿಟಕಿಯಿಂದ ಸೊಸೆಯ ಕಡೆಗೆ ತಿರುಗಿದಳು.

"ಅಂದ್ಬಿಟ್ಟೆ."

"ಅಂದೆ ಅತ್ತೆ."

"ಅಷ್ಟು ಜನ ಹೊರಗಿದ್ರು, ಬಾಗ್ಲೂ ತೆಗ್ದಿತ್ತು. ಇನ್ಮೇಲೆ ನೋವು ಬಂದ್ರೆ ನಿನ್ ತಲೆಗೇ."

"ನನ್ನ ತಲೆಗೇ ಇರ್ಲಿ ಬಿಡಿ."

ಬರುತ್ತದೆಂದು ಅವಳಿಗೆ ಗೊತ್ತಿತ್ತು. ಓದಿದ ಲೇಖನಗಳು ಬೇರೆ ಯಾವುದರಲ್ಲಿ ಒಪ್ಪದಿದ್ದರೂ ಇದರಲ್ಲಿ ಒಪ್ಪಿದ್ದವು: ಈ ನೋವು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

ಒಂಬತ್ತನೇ ದಿನ ನೋವು ಬಂತು. ಗೂಡು ಮಾರ್ಕೆಟ್ಟಿಗೆ ಹೋಗಿ ಒಳ್ಳೆಯ ಬೆಲೆಗೇ ಹರಾಜಾಗಿತ್ತು. ಮೋಹನ್‌ಬಾಬು ಟೊಮೇಟೊ ಮಾತೆತ್ತದೆ ಮುಂದಿನ ಬೆಳೆಗೆ ಎಳೆಯ ಚಾಕಿ ಹುಳುವಿಗೆ ಹೇಳಿ ಬಂದಿದ್ದ. ಸಂಜೆ ಯಾಮಿನಿ ಬಸ್ಸಿಳಿದು ಬರುವಾಗ ಅಕ್ಕಯ್ಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕಾಯುತ್ತಿದ್ದಳು.

"ಬಾರಮ್ಮ ಬಾ. ನೋಡು, ನಿನ್ ನೋವು ಬೆಳಿಗ್ಗೆಯಿಂದ ಏನ್ ಆಟ ಆಡ್ತೈತೆ! ಬೆನ್ನೆಲ್ಲ ಕತ್ತರ್ಸಿ ಹಾಕ್ದಂಗೈತೆ. ಒಂಬತ್ತು ಅಂತ ಬರ್ಕೊ. ಇಲ್ಲ, ಒಂಬತ್ತೂವರೆ."

ಯಾಮಿನಿ ನಿಂತಲ್ಲೇ ಬ್ಯಾಗಿನಿಂದ ಪುಸ್ತಕ ತೆಗೆದು ಬರೆದಳು; ಏಳು ಬಿಟ್ಟು ಬೇರೆ ಅಂಕಿ ಅದರಲ್ಲಿ ಅದೇ ಮೊದಲು. "ನಡೆದ್ರಾ ಅತ್ತೆ?"

"ಹತ್ತೇ ನಿಮಿಷ. ಮಾತ್ರೇನೂ ಬಿಟ್ಟಿಲ್ಲ. ಬಿಟ್ರೆ ನೀನು ಆ ಡಾಕ್ಟರಮ್ಮನ ಮುಂದೆ ಇನ್ನೇನ್ ಅಂತೀಯೋ."

ನಾಲ್ಕು ದಿನಕ್ಕೆ ಅದು ಇಳಿಯಿತು. ಆ ಸಂಜೆ ಅಕ್ಕಯ್ಯಮ್ಮ ಹುಳುಮನೆಗೆ ಸುಣ್ಣ ಬಳಿಯುತ್ತಿದ್ದಳು. ಸೊಸೆಯ ಚಪ್ಪಲಿಯ ಸದ್ದು ಕೇಳಿ, ಅವಳು ಕೇಳುವ ಮುಂಚೆಯೇ ಒಳಗಿನಿಂದ ಕೂಗಿ ಹೇಳಿದಳು:

"ಲೇ ಯಾಮಿನಿ, ನಿನ್ ನೋವು ಇವತ್ತು ಮೆತ್ತಗೆ ಮಲ್ಕೊಂಡೈತೆ ಕಣೇ. ಎಬ್ಬಿಸ್ಬೇಡ. ಕೈಕಾಲು ತೊಳ್ಕೊಂಡು ಬಾ, ಈ ಬಕೆಟ್ ಒಂದು ಕಡೆ ಹಿಡ್ಕೊ."