ಎಂಟು ಚಾಪೆಯ ಕೋಣೆ

ಒಸಾಕಾದ ಆ ಮನೆಯಲ್ಲಿದ್ದದ್ದು ಆರು ಚಾಪೆ ಹಾಸುವಷ್ಟಗಲದ ಒಂದು ಕೋಣೆ, ಅದಕ್ಕಂಟಿದ ಅಡುಗೆಮನೆ, ಅಷ್ಟೇ. ಊಟದ ಮೇಜಿನ ಕಾಲು ಮಡಚಿ ಗೋಡೆಗೆ ಒರಗಿಸಿದ ಮೇಲೆಯೇ ಹಾಸಿಗೆ ಬಿಡಿಸಬೇಕು. ಇಪ್ಪತ್ತೆರಡು ವರ್ಷ ಸವಾಕೊ ಗಂಡನಿಗೆ ದಿನವೂ ಹೇಳಿದ್ದು ಒಂದೇ ಮಾತು: "ರೀ, ಕಾಲು ಎತ್ತಿ, ಗುಡಿಸ್ಬೇಕು."

ಹೋದ ಏಪ್ರಿಲ್‌ನಲ್ಲಿ ಕಂಪನಿ ಗಂಡ ತತ್ಸುಹಿಕೊನನ್ನು ಎರಡು ವರ್ಷಕ್ಕೆಂದು ದೂರದ ಅಸಾಹಿಕಾವಾಕ್ಕೆ ವರ್ಗ ಮಾಡಿತು. ಸವಾಕೊ ಶಿಶುವಿಹಾರದ ಅಡುಗೆ ಕೆಲಸ ಬಿಡುವಂತಿರಲಿಲ್ಲ. ಅವನೊಬ್ಬನೇ ಹೋದ.

ಮೊದಲ ವಾರ ಅವಳಿಗೆ ಹಾಯೆನಿಸಿತು. ಮೇಜನ್ನು ಮಡಚದೆ ಬಿಟ್ಟಳು. ಮೂರನೇ ವಾರ ಗುಡಿಸುತ್ತಿದ್ದಾಗ "ಕಾಲು ಎತ್ತಿ" ಎಂದು ಬಾಯಿಗೆ ಬಂದುಬಿಟ್ಟಿತು. ಪೊರಕೆ ಹಿಡಿದು ಅಲ್ಲೇ ಕೂತಳು.

ಭಾನುವಾರಗಳಂದು ಫೋನ್ ಬರುತ್ತಿತ್ತು.

"ಎಂಟು ಚಾಪೆ ಕೋಣೆ ಕಣೇ! ಕೈಕಾಲು ಚಾಚಿ ಮಲಗ್ತೀನಿ."

"ಇಲ್ಲಿ ನನ್ನ ಪಕ್ಕೆಗೆ ಒದೀತಿದ್ರಿ. ಅಲ್ಲಿ ಯಾರನ್ನ ಒದೀತೀರಿ?"

"ಇಲ್ಲಿ ಹಿಮ ಬೀಳ್ತಿದೆ," ಎಂದ.

ಫೆಬ್ರುವರಿಯಲ್ಲಿ ಮೂರು ದಿನ ರಜೆ ಸಿಕ್ಕಿತು. ಸವಾಕೊ ಒಂದು ಮಾತೂ ತಿಳಿಸದೆ, ಪ್ಲಮ್ ಉಪ್ಪಿನಕಾಯಿ ಕಟ್ಟಿಕೊಂಡು ವಿಮಾನ ಹತ್ತಿದಳು. ಶನಿವಾರ ಮಧ್ಯಾಹ್ನ ಬಾಗಿಲು ತೆರೆದ ತತ್ಸುಹಿಕೊನ ಮುಖ ಪೆಚ್ಚಾಯಿತು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ಬಾಗಿಲಿಗೆ ಅಡ್ಡ ನಿಂತ.

"ಯಾಕೆ, ಒಳಗೆ ಯಾರಿದ್ದಾರೆ?" ಅವನನ್ನು ಸರಿಸಿ ನುಗ್ಗಿದಳು.

ಯಾರೂ ಇರಲಿಲ್ಲ. ಮನೆ ಬದಲಿಸುವಾಗ ತಂದ ರಟ್ಟಿನ ಪೆಟ್ಟಿಗೆಗಳನ್ನು ಅವನು ಕೋಣೆಯ ನಡುವೆ ಎದೆಯೆತ್ತರಕ್ಕೆ ಗೋಡೆಯಂತೆ ಪೇರಿಸಿದ್ದ. ಆಚೆಗೆ ಅರ್ಧಕ್ಕಿಂತ ಹೆಚ್ಚು ಕೋಣೆ ಖಾಲಿ ಬಿದ್ದಿತ್ತು. ಈಚೆಗೆ ಮೂರು ಚಾಪೆಯಷ್ಟು ಜಾಗ, ಅದರಲ್ಲೊಂದು ಹಾಸಿಗೆ, ಒಂದು ದೀಪ.

"ಇದೇನ್ರೀ, ಚಳಿಗಾ?"

"ಹ್ಞೂಂ, ಚಳಿಗೆ." ಕತ್ತು ಕೆರೆದುಕೊಂಡ. "ಅಷ್ಟಗಲದಲ್ಲಿ ನಿದ್ದೆ ಬರಲ್ಲ ಕಣೇ. ಹೊರಳಿದ್ರೆ ಏನಾದ್ರೂ ತಾಗ್ಬೇಕು."

ಸವಾಕೊ ಕೋಟಿನ ಗುಂಡಿ ಬಿಚ್ಚುತ್ತಾ ಬೇಕೆಂದೇ ತಡಮಾಡಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

ಅವನು ಒಂದು ಪೆಟ್ಟಿಗೆಗೆ ಕೈಹಾಕಿದ. "ತಡಿ, ನಿಂಗೆ ಜಾಗ ಮಾಡ್ತೀನಿ."

"ಇರ್ಲಿ ಬಿಡಿ," ಎಂದಳು.

ಎರಡು ದಿನ ಆ ಮೂರು ಚಾಪೆಯಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಉಂಡರು, ಬೈದಾಡಿದರು, ಮಲಗಿದರು.

ಸೋಮವಾರ ಬಸ್‌ ನಿಲ್ದಾಣದಲ್ಲಿ ಅವನೆಂದ, "ಇನ್ನು ಹದಿಮೂರೇ ತಿಂಗಳು."

"ಹದಿನಾಲ್ಕು," ಎಂದಳು.

ಬಸ್ಸು ಹೊರಟಿತು. ಜಾರುವ ಹಿಮದ ಮೇಲೆ ಅವನು ನಾಲ್ಕು ಹೆಜ್ಜೆ ಜೊತೆಗೇ ಬಂದ. "ಮನೆಗೆ ಹೋಗಿ, ಚಳಿ" ಎಂದು ಅವಳು ಕಿಟಕಿಯಿಂದ ಕೈಸನ್ನೆ ಮಾಡಿದಳು. ಮಂಜು ಹಿಡಿದ ಗಾಜನ್ನು ತೋಳಿನಿಂದ ಒರೆಸಿ ಮತ್ತೆ ನೋಡುವಷ್ಟರಲ್ಲಿ ಬಸ್ಸು ತಿರುವು ದಾಟಿಬಿಟ್ಟಿತ್ತು.