ನೀರು ಮುಟ್ಟದ ಹರಕೆ

ಸೊಸೆ ಕಬ್ಬಾಳಮ್ಮನ ಗುಡಿ ಮೆಟ್ಟಿಲು ಮುಟ್ಟುವವರೆಗೂ ಹನಿ ನೀರು ಕುಡಿಯುವುದಿಲ್ಲವೆಂದು ಅಂಬಮ್ಮ ಹರಕೆ ಹೊತ್ತಿದ್ದಳು. ಗುಟ್ಟಾಗಿ ಅಲ್ಲ, ನಸುಕಿನಲ್ಲಿ ಶಿವಲಕ್ಷ್ಮಿ ಷೂ ಕಟ್ಟುತ್ತಿದ್ದಾಗ ಹಣೆಗೆ ಭಂಡಾರ ಇಟ್ಟು ಎದುರಿಗೇ ಹೇಳಿದ್ದಳು.

"ಬ್ಯಾಡ ಕಣತ್ತೆ, ನಾನು ಬರೋ ಹೊತ್ಗೆ ಬಿಸ್ಲು ನೆತ್ತಿಗೇರ್ತದೆ" ಅಂದದ್ದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹೋದ ವರ್ಷ ಇದೇ ಮ್ಯಾರಥಾನ್ ಓಟದಲ್ಲಿ ಹುಡುಗಿ ಅರ್ಧ ದಾರಿಗೇ ಕೂತು ಆಂಬುಲೆನ್ಸಿನಲ್ಲಿ ಬಂದಿದ್ದಳು. "ಕುರಿ ಹಿಂದೆ ಓಡೋಳಿಗೆ ಟಾರ್ ರೋಡ್ ಯಾಕವ್ವಾ" ಎಂದು ಊರವರು ಆಡಿಕೊಂಡದ್ದು ಇಬ್ಬರ ಎದೆಯಲ್ಲೂ ಮುಳ್ಳಾಗಿ ಕೂತಿತ್ತು. ಈ ಸಲ ಮುಗಿಸಲೇಬೇಕಿತ್ತು.

ಚನ್ನಪಟ್ಟಣದಿಂದ ಸುತ್ತಿ ಬಳಸಿ ಕಬ್ಬಾಳಿಗೆ ನಲವತ್ತೆರಡು ಕಿಲೋಮೀಟರ್. ಗುಡಿಗೆ ತುಸು ಮುಂಚಿನ ತಿರುವಿನಲ್ಲಿ, ಹೊಂಗೆಮರದಡಿ ಅಂಬಮ್ಮ ಕಾದಳು. ನಾಲಿಗೆ ಒಣಗಿ ಅಂಟಿಕೊಂಡಿತ್ತು. ಓಟಗಾರರಿಗೆ ನೀರು ಕೊಡಲು, ಕಾಲುನೋವು ನೋಡಲು ಮೇಜು ಹಾಕಿಕೊಂಡಿದ್ದ ಫಿಸಿಯೋ ನಿಖಾತ್ ಲೋಟ ಚಾಚಿದರೆ ಬೇಡವೆಂದು ತಲೆಯಾಡಿಸಿದಳು.

ಇಷ್ಟಕ್ಕೆ ಬರುತ್ತಾಳೆಂದು ಮಗ ಹೇಳಿದ್ದ ಹೊತ್ತಿಗಿಂತ ಎಷ್ಟೋ ಮೊದಲೇ ಸೊಸೆ ಕಾಣಿಸಿದಳು. ಹರಕೆ ಫಲಿಸಿತೆಂದು ಅಂಬಮ್ಮ ಕೈಮುಗಿದಳು. ಮುಗಿದ ಕೈ ಹಾಗೇ ಉಳಿಯಿತು. ಕಾಲಿಗೆ ಯಾರೋ ಉರುಳು ಹಾಕಿ ಎಳೆದಂತೆ ಶಿವಲಕ್ಷ್ಮಿ ಕುಸಿದುಬಿದ್ದಳು. ಅವಳ ಮೀನಖಂಡದಲ್ಲಿ, ಚರ್ಮದಡಿ ಇಲಿ ಹೊಕ್ಕಂತೆ, ಗಂಟೊಂದು ಅತ್ತಿತ್ತ ಹೊರಳುತ್ತಿತ್ತು. ಅಂಬಮ್ಮ ಹುಟ್ಟಿದಾರಭ್ಯ ಅಂಥದ್ದು ಕಂಡಿರಲಿಲ್ಲ.

"ಹರಕೇಲಿ ಏನು ಲೋಪ ಆಯ್ತೋ ತಾಯಿ" ಎಂದು ಗೊಣಗಿದಳು.

ನಿಖಾತ್ ಶಿವಲಕ್ಷ್ಮಿಯ ಪಾದವನ್ನು ಮೊಣಕಾಲಿನ ಕಡೆಗೆ ಬಾಗಿಸಿ ಒತ್ತಿ ಹಿಡಿದಳು. "ದಾರೀಲಿ ಉಪ್ಪುನೀರು ಕುಡಿದ್ಯಾ?"

"ಎಲ್ಲ ಕಡೇನೂ ಕುಡ್ದೆ ಮೇಡಂ."

"ಸೆಳೆತಕ್ಕೆ ಒಂದೇ ಕಾರಣ ಅಂತ ಇಲ್ಲಮ್ಮ. ಬೆವರು, ಬಿಸ್ಲು, ಎಲ್ಲಾನೂ ಹೇಳ್ತಾರೆ. ನಾನು ಜಾಸ್ತಿ ನೋಡಿರೋದು, ರೂಢಿಗಿಂತ ಜೋರಾಗಿ ಓಡಿದವರನ್ನ. ದಣಿದ ಕಾಲು ಬಿಗಿ ಹಿಡಿದದ್ದನ್ನ ಸಡಿಲ ಬಿಡೋಕೇ ಮರೆತುಬಿಡುತ್ತೆ. ಇವತ್ತು ಜೋರಾಗಿ ಓಡಿದ್ಯಾ?"

ಶಿವಲಕ್ಷ್ಮಿ ಅತ್ತೆಯ ಕಡೆ ನೋಡಲಿಲ್ಲ. "ಮೊದಲಿಂದ್ಲೂವೆ. ನಮ್ಮತ್ತೆ ನೀರಿಲ್ದೆ ಕೂತವ್ರೆ. ಬಿಸ್ಲೇರೋದ್ರೊಳಗೆ ಗುಡಿ ಮುಟ್ಬುಡಾನ ಅಂತ."

ಹರಕೆ ಸೊಸೆಯ ಬೆನ್ನು ಕಾಯುತ್ತಾ ಬರುತ್ತದೆಂದು ಅಂಬಮ್ಮ ನಂಬಿದ್ದಳು. ಅದು ಬಾರುಕೋಲು ಹಿಡಿದು ಅಟ್ಟಿಕೊಂಡು ಬಂದಿತ್ತು. ಕಬ್ಬಾಳಮ್ಮನ ಬೆಟ್ಟವನ್ನೊಮ್ಮೆ ನೋಡಿ, ನಿಖಾತಳ ಮೇಜಿನಿಂದ ಲೋಟ ಎತ್ತಿಕೊಂಡಳು.

"ಅತ್ತೆ, ಹರಕೆ..."

"ತಾಯಿ ತಾವ ನಾನು ಮಾತಾಡ್ಕತೀನಿ, ಸುಮ್ಕಿರು."

ಸೊಸೆಗೆ ಕೇಳಲೆಂದೇ ಗಟಗಟನೆ ಕುಡಿದು, ಬರಿದಾದ ಲೋಟ ಬೋರಲು ಹಿಡಿದು ತೋರಿಸಿದಳು.

"ನೋಡ್ದಾ? ಇನ್ನು ನನಗೋಸ್ಕರ ಓಡೋದೇನಿಲ್ಲ. ಕಾಲು ಒಸಿ ಸಡಿಲ ಆಗ್ಲಿ, ಆಮೇಲೆ ನಡ್ಕೊಂಡು ಹೋಗು."

ಶಿವಲಕ್ಷ್ಮಿ ಬಹಳ ಹೊತ್ತು ಹಾಗೇ ಮಲಗಿದ್ದಳು. ಒಬ್ಬೊಬ್ಬರಾಗಿ ಅದೆಷ್ಟೋ ಜನ ಅವರನ್ನು ದಾಟಿ ಓಡಿದರು. ಆಮೇಲೆ ಎದ್ದು, ಕುಂಟುತ್ತಾ ಗುಡಿಯ ಕಡೆ ಹೊರಟಳು.