ನೋವೆಂದು ಹೇಳದ ರೇಣು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ವ್ಯಾಪಾರ ಮಾಡುವ ಸಿದ್ರಾಮಪ್ಪನ ಮನೆಯಲ್ಲಿ ಬೆಳಗಾಯಿತೆಂದರೆ ರೊಟ್ಟಿ ಬಡಿಯುವ ಸದ್ದು. ಬಡಿಯುವವಳು ಮಗಳು ರೇಣು, ಮೂವತ್ತಾರು ವಯಸ್ಸು. ಇಪ್ಪತ್ತರ ಹೊತ್ತಿಗೆ ಅವಳಿಗೆ ಬೇರೆ ಯಾರಿಗೂ ಕೇಳಿಸದ ಧ್ವನಿಗಳು ಕೇಳಿಸತೊಡಗಿ, ಎರಡು ವರ್ಷ ಮನೆಯವರು ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಈಗ ಮಾತ್ರೆಗಳು ಹಿಡಿಸಿವೆ. ಮೈ ದಪ್ಪಗಾಗಿದೆ, ಮಾತು ಕಡಿಮೆ. ಆದರೆ ಅವಳ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತದೆ. ಮನೆ ನೆಮ್ಮದಿಯಾಗಿತ್ತು.

ತಾಯಿ ಕಾಶವ್ವನಿಗೆ ರೊಟ್ಟಿಗಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಯಾರೇ ಬರಲಿ, ಅವರು ಚಹಾದ ಕಪ್ಪು ಕೆಳಗಿಡುವುದರೊಳಗೆ ಅದು ಹೊರಬೀಳುತ್ತಿತ್ತು.

“ನಮ್ಮ ರೇಣು ಒಂದು ದಿನಾನೂ ನೋವು ಅಂದಾಕಿ ಅಲ್ರಿ. ನಾವು ಸೊಂಟ ಅಂತೀವಿ, ಮೊಣಕಾಲು ಅಂತೀವಿ. ಆಕಿ ಬಾಯಾಗ ಆ ಮಾತೇ ಇಲ್ಲ!”

ಪಾಪ, ಎಂಥ ಹೆಮ್ಮೆ!

ಒಂದು ರವಿವಾರ ಸೊಸೆ ನೀತಾ ನೆಲ ಒರೆಸುವಾಗ ನಾದಿನಿಯ ಅಂಗಾಲು ಕಂಡಳು. ರೂಪಾಯಿಯಷ್ಟು ಅಗಲದ ಹುಣ್ಣು, ಕೀವು.

“ಅಕ್ಕಾ, ಎಷ್ಟು ದಿನ ಆತ್ರಿ ಇದು?”

ರೇಣು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಅರಿಷಿಣ ಹಚ್ಚಿದ್ರ ಹೋಗ್ತದ ಬಿಡು,” ಎಂದಳು ಕಾಶವ್ವ. ನೀತಾ ಕೇಳಲಿಲ್ಲ, ಆಟೋ ಕರೆದಳು. ಅತ್ತೆ ಗೊಣಗುತ್ತ ಹಿಂದೆ ಹತ್ತಿದಳು.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಸಕ್ಕರೆ ಮುನ್ನೂರ ಎಂಬತ್ತು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಲು ಹೋದರೆ ರೇಣು ಮುದುಡಿಕೊಂಡಳು. “ನಾ ಏನೂ ಹೇಳಿಲ್ಲ. ನನಗೇನೂ ನೋವಿಲ್ಲ.” ಹೊಕ್ಕುಳ ಸುತ್ತ ಐದು ಹಳೆಯ ಸುಟ್ಟ ಕಲೆಗಳಿದ್ದವು. ಇವೇನೆಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು.

ಕಾಶವ್ವ ಸೊಸೆಯ ಕಡೆ ತಿರುಗಿದಳು. “ಹೇಳು ಅವರಿಗೆ. ಏಳು ವರ್ಷದಾಕಿ ಇದ್ದಾಗ ಹೊಟ್ಟಿ ನೋವು ಅಂತ ಅಳ್ತಿದ್ಲು. ಚೀಲ ಹೊಲಿಯೋ ದಬ್ಬಣ ಕಾಸಿ ಬರಿ ಹಾಕಿದ್ವಿ. ನಮ್ಮವ್ವನೂ ನನಗ ಹಾಕ್ಯಾಳ. ಐದನೇ ಬರಿಗೆ ನೋವು ನಿಂತೇ ಬಿಡ್ತು!”

“ನೋವು ನಿಂತಿಲ್ರಿ ಅತ್ತಿ,” ಎಂದಳು ನೀತಾ. “ಹೇಳೋದು ನಿಂತದ.”

ಡಾಕ್ಟರಮ್ಮ ತಿಳಿಸಿ ಹೇಳಿದರು. ಕೆಲವು ಮಾತ್ರೆಗಳಿಂದ ತೂಕ, ಸಕ್ಕರೆ ಏರಬಹುದು. ಅದಕ್ಕೇ ಆಗಾಗ ರಕ್ತ ನೋಡಿಸಬೇಕು. ಚಿಕ್ಕಂದಿನಲ್ಲಿ ಬೆದರಿದ ಮೈ ದೊಡ್ಡವರಾದ ಮೇಲೂ ಬೆದರುತ್ತದೆ. ಮನಸ್ಸಿನ ಕಾಯಿಲೆಯವರಿಗೂ ಒಂದು ಮೈ ಇದೆಯೆಂಬುದನ್ನು ಮನೆಯವರು ಮರೆತೇಬಿಡುತ್ತಾರೆ.

ಕಾಶವ್ವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. “ಹಿರಿಯರು ಮಾಡಿದ್ದೆಲ್ಲ ಸುಳ್ಳು, ನಿನ್ನಿ ಬಂದ ಡಾಕ್ಟರ್ ಖರೇ!”

ಹುಣ್ಣು ಮಾಯತೊಡಗಿತು. ತಿಂಗಳ ಮೇಲೆ ಒಂದು ಬೆಳಗ್ಗೆ, ನೀತಾ ಸ್ನಾನಕ್ಕೆ ಹೋಗಿದ್ದಾಗ, ಅವಳ ಆರು ತಿಂಗಳ ಹೆಣ್ಣುಕೂಸು ಕಾಲು ಮಡಚಿಕೊಂಡು ಕಿರುಚತೊಡಗಿತು. ಓಮ ಕಾಳಿನ ನೀರಿಗೂ ನಿಲ್ಲಲಿಲ್ಲ. ಕಾಶವ್ವನ ಕೈ ತಾನಾಗಿ ದಬ್ಬಣದ ಕಡೆ ಹೋಯಿತು. ಗ್ಯಾಸ್ ಹಚ್ಚಿ ತುದಿಯನ್ನು ಉರಿಗೆ ಹಿಡಿದಳು.

ರೊಟ್ಟಿ ಬಡಿಯುವ ಸದ್ದು ನಿಂತಿತು. ರೇಣು ಹಿಟ್ಟಿನ ಕೈಯಲ್ಲೇ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಗೋಡೆಗೆ ಒತ್ತಿ ನಿಂತಳು.

“ಕೊಡ ಇಲ್ಲೆ. ಒಂದ ಚುರುಕು, ಅಷ್ಟೇ.”

“ಕೊಡಂಗಿಲ್ಲ ಅವ್ವಾ.” ಮಗಳು ಹಿಂದೆಂದಾದರೂ ತನಗೆ ಇಲ್ಲವೆಂದದ್ದು ಕಾಶವ್ವನಿಗೆ ನೆನಪೇ ಇರಲಿಲ್ಲ. “ಅಳ್ಲಿ ಬಿಡು. ಅತ್ರ ಗೊತ್ತಾಗ್ತದ, ಅದಕ್ಕ ನೋವದ ಅಂತ. ಬರಿ ಹಾಕಿದ್ರ ಮುಂದ ಹೇಳಂಗೇ ಇಲ್ಲ ಅದು. ನನ್ನಂಗ.”

ಕಾಶವ್ವ ದಬ್ಬಣ ಹಿಡಿದುಕೊಂಡೇ ನಿಂತಳು. ಇಷ್ಟು ವರ್ಷ ಬಂದವರಿಗೆಲ್ಲ ಹೇಳಿಕೊಂಡ ಹೆಮ್ಮೆ ಎದೆಗೆ ಚುಚ್ಚಿತು. ನೀರು ತುಂಬಿದ ಬಕೆಟ್ಟಿನಲ್ಲಿ ದಬ್ಬಣವನ್ನು ಅದ್ದಿದಾಗ ಚುಂಯ್ ಎಂದಿತು. ಕೂಸು ಸೋದರತ್ತೆಯ ಹೆಗಲ ಮೇಲೆ ಒಮ್ಮೆ ತೇಗಿ, ಬಿಕ್ಕುತ್ತ ಸುಮ್ಮನಾಯಿತು.

“ಯವ್ವಾ ರೇಣು,” ಎಂದಳು ಕಾಶವ್ವ. “ನಿನಗ ಎಲ್ಲೆರೆ ನೋಯ್ತದೇನ?”

ರೇಣು ಒಲೆಯ ಕಡೆ ನೋಡಿದಳು. ಇನ್ನೂ ಉರಿಯುತ್ತಿತ್ತು. ಕಾಶವ್ವ ಹೋಗಿ ಗ್ಯಾಸ್ ಆರಿಸಿದಳು.

“ಹೂಂ ಅವ್ವಾ,” ಎಂದಳು ರೇಣು. “ಕಾಲು ನೋಯ್ತದ. ಹಲ್ಲೂ ನೋಯ್ತದ, ದೀಪಾವಳಿಯಿಂದ.”

ನೀತಾ ಸ್ನಾನ ಮುಗಿಸಿ ಬಂದಾಗ ಹಿಟ್ಟು ಒಣಗಿತ್ತು, ರೊಟ್ಟಿ ಒಂದೂ ಆಗಿರಲಿಲ್ಲ. ರೇಣು ಹೇಳುತ್ತಲೇ ಇದ್ದಳು. ಕಾಶವ್ವ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕೂತಿದ್ದಳು.